ಇಸ್ತ್ರಿ ಅಂಗಡಿಯ ಫೀನಿಕ್ಸ್

ಇಸ್ತ್ರಿ ಅಕ್ಕನ ಅಂಗಡಿಗೆ ಬೆಂಕಿ ಬಿದ್ದದ್ದು ಅವಳ ಬಾಯಿಂದಲೇ. ಎದುರುಮನೆಯವಳ ಜೊತೆ ಹರಟೆಗೆ ನಿಂತವಳು ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಪ್ಯಾಂಟಿನ ಮೇಲೆ ಮರೆತಿದ್ದಳು. ಪ್ಯಾಂಟು, ಮೇಜು, ಪರದೆ, ಬಾಗಿಲ ಮೇಲಿನ ಬೋರ್ಡು ಎಲ್ಲವೂ ಬೂದಿಯಾದವು. ಅತ್ತು ಮುಗಿದ ಮೇಲೆ ಅಕ್ಕ ಮೂಗೊರೆಸಿಕೊಂಡು ಮಸಿ ಹಿಡಿದ ಗೋಡೆ ಉಜ್ಜಲು ನಿಂತಳು.

"ಅಂಗಡಿಗೆ ಫೀನಿಕ್ಸ್ ಅಂತ ಹೆಸರಿಡಮ್ಮ," ಎಂದಳು ಮಗಳು. "ಕತೇಲಿ ಬರೋ ಹಕ್ಕಿ. ಸುಟ್ಟು ಬೂದಿಯಾದ್ರೂ ಮತ್ತೆ ಎದ್ದು ಬರುತ್ತೆ."

"ಆ ಪ್ಯಾಂಟು ಎದ್ದು ಬರಲ್ವಲ್ಲೇ!"

ಆದರೂ ಹೆಸರು ಹಿಡಿಸಿತು. ಇಂಗ್ಲಿಷಿನಲ್ಲಿದ್ದರೆ ಒಂದು ತೂಕ ಎಂದು ಹೊಸ ಬೋರ್ಡು ತಂದು ಪೇಂಟರನನ್ನು ಕರೆಸಿದಳು. ಅವನು ಪಿ, ಎಚ್ ಆದಮೇಲೆ ಇ ಮೊದಲು, ಓ ಆಮೇಲೆ ಬರೆದ. ಮಗಳು ಹಣೆ ಚಚ್ಚಿಕೊಂಡು ಅದಲುಬದಲು ಮಾಡಿಸಿದಳು. ಅಷ್ಟರಲ್ಲಿ ಅಕ್ಕನ ಅಣ್ಣ ಬಂದ, ಹಿಂದೆ ಟೈಪಿಸ್ಟಾಗಿದ್ದವನು.

"ಈ ಓ ಯಾಕೆ? ಬಾಯಲ್ಲಿ ಹೇಳೋದೇ ಇಲ್ಲ. ಹಿಂದೆ ಓ ಇಲ್ಲದೇನೂ ಬರೀತಿದ್ರು."

ಓ ಅಳಿಸಿದ್ದಾಯಿತು. ಹಲ್ಲು ಕಿತ್ತ ಹಾಗೆ ನಡುವೆ ಸಂದು ಉಳಿಯಿತು. ಸಂಜೆ ಬಂದ ಮೈದುನ ಹಡಗಿನಲ್ಲಿ ಕೆಲಸ ಮಾಡಿ ದೇಶ ಸುತ್ತಿದವನು.

"ಅತ್ತಿಗೆ, ಪಿ, ಎಚ್ ಎರಡೂ ದಂಡ. ಎಫ್ ಹಾಕಿ ಬರೆದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

ಪೇಂಟರ್ ಕುಂಚ ಕೆಳಗಿಟ್ಟ. "ಅಕ್ಕಾ, ನಾನು ಬಣ್ಣ ಹಚ್ಚೋನು, ಪಂಚಾಯ್ತಿ ಮಾಡೋನಲ್ಲ."

"ಅಕ್ಷರಾನೇ ಬೇಡ. ಹಕ್ಕಿ ಬರಿ!" ಎಂದು ಅಕ್ಕ ಗುಡುಗಿದಳು.

ಹಕ್ಕಿಯನ್ನು ನೋಡಿದವರು ಯಾರೂ ಇರಲಿಲ್ಲ. ಅವನು ತೋಚಿದಂತೆ ರೆಕ್ಕೆ ಬಿಚ್ಚಿದ ಕೆಂಪು ಹಕ್ಕಿ ಬರೆದು, ಸುತ್ತ ಬೆಂಕಿ ಹಚ್ಚಿದ.

ಮರುದಿನ ಬಾಗಿಲು ತೆಗೆಯುತ್ತಿದ್ದಂತೆ ಒಬ್ಬ ಚೀಲ ಹಿಡಿದು ಬಂದ. "ಒಂದು ಕೆಜಿ ಕೊಡಿ, ಚರ್ಮ ತೆಗೆದು."

"ಇದು ಕೋಳಿ ಅಲ್ಲ, ಸ್ವಾಮಿ. ಫೀನಿಕ್ಸ್!"

"ಹೌದಾ? ಅದರ ರೇಟೆಷ್ಟು?"

ಅಕ್ಕನಿಗೆ ಮೈಯೆಲ್ಲ ಉರಿಯಿತು. ಬೋರ್ಡು ಕಿತ್ತೆಸೆಯಲು ಸ್ಟೂಲನ್ನೂ ಹತ್ತಿದಳು. ಆದರೆ ಚೀಲದ ಮನುಷ್ಯ ಒಳಗಿನ ಗರಿಗರಿ ಅಂಗಿಗಳನ್ನು ಕಂಡು ಇಸ್ತ್ರಿಯ ರೇಟು ಕೇಳಿ ಅವಳನ್ನು ಕೆಳಗಿಳಿಸಿದ, ಮಧ್ಯಾಹ್ನ ಅದೇ ಚೀಲದ ತುಂಬ ಬಟ್ಟೆ ತಂದ. ಕೋಳಿ ಕೇಳಲು ಬಂದ ಇನ್ನೂ ಕೆಲವರು ಹಾಗೇ ಗಿರಾಕಿಗಳಾದರು. ಬೀದಿಯವರ ಬಾಯಲ್ಲಿ ಅದು ಕೋಳಿ ಇಸ್ತ್ರಿ ಆಯಿತು. ಹಾಗೆಂದವರ ಮೇಲೆ ಅಕ್ಕ ಮೊದಮೊದಲು ಹರಿಹಾಯುತ್ತಿದ್ದಳು. ಬರಬರುತ್ತಾ ಕೇಳಿಸದವಳಂತೆ ಇರತೊಡಗಿದಳು.

ಒಮ್ಮೆ ಹೊಸ ಗಿರಾಕಿಯೊಬ್ಬರು ಫೋನಿನಲ್ಲಿ ದಾರಿ ಕೇಳಿದರು. ಅಕ್ಕ ಮಗಳತ್ತ ಬೆನ್ನು ತಿರುಗಿಸಿದಳು. ಆಮೇಲೆ ದನಿ ತಗ್ಗಿಸಿ, "ಔಷಧಿ ಅಂಗಡಿ ದಾಟಿ ಬನ್ನಿ, ಕೋಳಿ ಬೋರ್ಡು ಕಾಣುತ್ತೆ," ಎಂದಳು.

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಏನೇ ಕಿಸಿತೀಯ? ಆ ಕಾಲರಿಗೆ ನೀರು ಚಿಮುಕಿಸು!"