ಎರಡು ಪಿನ್ನಿನ ಚೀಟಿ

ಜಿದ್ದಾ ಬಂದರಿನಲ್ಲಿ ನನ್ನ ಅಕ್ಕನ ಸೂಟ್‌ಕೇಸಿನ ಚೀಟಿಯನ್ನು ಹರಿದು ತೆಗೆದವಳು ನಾನು. ಅದು ತಾನಾಗಿ ಬೀಳಲಿಲ್ಲ. ಸಾಮಾನು ಹೊರುವವರ ಕೈಗೆ ಸಿಕ್ಕಿ ಹರಿಯಲಿಲ್ಲ. ಅಕ್ಕ ಹಚ್ಚುವಾಗ ತಪ್ಪಲೂ ಇಲ್ಲ. ನಾನೇ—ಎಚ್ಚರವಾಗಿದ್ದು, ಆಚೆ ಈಚೆ ನೋಡಿ—ಎಳೆದು ಹರಿದೆ. ಮೂರು ವರ್ಷಗಳಿಂದ ಅಕ್ಕ ಅದನ್ನು ತನ್ನ ಕೈತಪ್ಪು ಎಂದೇ ನಂಬಿದ್ದಾಳೆ. ಆ ನಂಬಿಕೆಯಿಂದಲೇ ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಬಿಟ್ಟು ಊರಿಗೆ ಹೋದಳು. ಈ ಮಾತನ್ನು ಮೊದಲು ಅವಳಿಗೇ ಹೇಳಬೇಕಿತ್ತು. ನಿಮಗೆ ಹೇಳುತ್ತಿದ್ದೇನೆ. ಇದರಲ್ಲೂ ನನ್ನ ಹೇಡಿತನವೇ ಇದೆ, ಗೊತ್ತು.

ಅಕ್ಕನ ಹೆಸರು ಜೆಸಿಂತಾ. ನಾನು ಲವೀನಾ, ಅವಳಿಗಿಂತ ಹದಿಮೂರು ವರ್ಷ ಚಿಕ್ಕವಳು. ನಾವು ಉಡುಪಿ ಕಡೆಯವರು. ಮನೆಮಾತು ಕೊಂಕಣಿಯಾದರೂ ಸ್ಲೇಟಿನ ಮೇಲೆ ಕೈಹಿಡಿದು ಅಕ್ಕ ನನಗೆ ತಿದ್ದಿಸಿದ್ದು ಕನ್ನಡ. ಹಾಗಾಗಿ ಒಳಗಿನದ್ದನ್ನು ಬರೆಯಲು ಕೂತರೆ ಕೈ ತಾನಾಗಿ ಕನ್ನಡಕ್ಕೇ ಹೋಗುತ್ತದೆ. ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಅಕ್ಕ ಸೌದಿಯ ಅಭಾ ಪಟ್ಟಣದ ಒಂದು ಆಸ್ಪತ್ರೆಯ ಬಟ್ಟೆ ಕೋಣೆಗೆ ಕೆಲಸಕ್ಕೆ ಬಂದಳು. ನನ್ನನ್ನು ಓದಿಸಿದ್ದು ಅದೇ ಕೋಣೆ. ನಾನು ಓದಿ, ರಿಯಾದಿನ ಒಂದು ಕಂಪನಿಯಲ್ಲಿ ಮೇಜು ಕುರ್ಚಿ ಹಿಡಿದು ಕೂತೆ.

ಆ ಬಟ್ಟೆ ಕೋಣೆಯ ವಿಷಯ ಸ್ವಲ್ಪ ಹೇಳಬೇಕು. ವಾರ್ಡುಗಳ ಹಾಸಿಗೆ ಬಟ್ಟೆ, ಆಪರೇಷನ್ ಥಿಯೇಟರಿನ ಹಸಿರು ನಿಲುವಂಗಿಗಳು, ಎಲ್ಲ ಒಗೆದು ಬಂದ ಮೇಲೆ ಹರಿದದ್ದನ್ನು ಹೊಲಿದು, ಗಂಟು ಕಟ್ಟಿ, ಯಾವ ವಾರ್ಡಿನದ್ದೆಂದು ಚೀಟಿ ಹಚ್ಚುವುದು ಅಕ್ಕನ ಕೆಲಸ. ಪ್ರತಿ ಚೀಟಿಗೂ ಸ್ಟೇಪ್ಲರಿನ ಎರಡು ಪಿನ್, ಒಂದರ ಕೆಳಗೆ ಒಂದು. "ಚೀಟಿ ಇಲ್ಲದ ಗಂಟು ಯಾರದ್ದೂ ಅಲ್ಲ ಮಾರಾಯ್ತಿ," ಎನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ಒಂದು ಗಂಟೂ ದಾರಿ ತಪ್ಪಿರಲಿಲ್ಲ. ಬೇರೆಯವರು ಮಕ್ಕಳ ಮಾರ್ಕು ಹೇಳಿಕೊಂಡು ಬೀಗುವಂತೆ ಅಕ್ಕ ಇದನ್ನು ಹೇಳಿಕೊಂಡು ಬೀಗುತ್ತಿದ್ದಳು. ಅವಳಿಗೆ ಬೀಗಲು ಬೇರೆ ಏನೂ ಇರಲಿಲ್ಲ—ನಾನೊಬ್ಬಳು ಇದ್ದೆ, ಅಷ್ಟೆ.

ಮೂರು ವರ್ಷದ ಹಿಂದೆ ನಮ್ಮ ಕಂಪನಿ ಕೆಲವರನ್ನು ಆರಿಸಿ, ಜಿದ್ದಾದಿಂದ ಹೊರಡುವ ಹಡಗಿನಲ್ಲಿ ಮೂರು ದಿನದ ಕೆಂಪು ಸಮುದ್ರದ ಪ್ರವಾಸಕ್ಕೆ ಕಳಿಸಿತು. ಮನೆಯವರಲ್ಲಿ ಒಬ್ಬರನ್ನು ಕರೆತರಬಹುದಿತ್ತು. ನನಗೆ ಮದುವೆಯಾಗಿಲ್ಲ. ತಮ್ಮ ಇರುವುದು ಊರಿನಲ್ಲಿ. ಇಲ್ಲಿ ಕರೆಯಲು ಇದ್ದವಳು ಅಕ್ಕ ಒಬ್ಬಳೇ. ಹಡಗಿನ ಸಾಮಾನ್ಯ ಊಟಕ್ಕೆ ಮೊದಲ ಸಂಜೆ ಯಾರೂ ಬಟ್ಟೆ ನೋಡುವುದಿಲ್ಲವಂತೆ. ಹತ್ತುವ ದಿನ ಪೆಟ್ಟಿಗೆಗಳು ತಡವಾಗುವುದು ಹಡಗಿನವರಿಗೂ ಗೊತ್ತು. ಆದರೆ ನಮ್ಮ ಕಂಪನಿಯವರು ಬೇರೆಯೇ ಹಾಲ್ ಹಿಡಿದು ಮೊದಲ ಸಂಜೆಯೇ ಔತಣ ಇಟ್ಟಿದ್ದರು. ಹೆಂಗಸರಿಗೆ ಉದ್ದ ಗೌನ್, ಇಲ್ಲವೇ ಅವರವರ ನಾಡಿನ ಉಡುಪು ಎಂದು ಪತ್ರದಲ್ಲಿ ಬರೆದಿತ್ತು. ಅಕ್ಕನಿಗೆ ಫೋನಿನಲ್ಲಿ ನಾನು ಓದಿ ಹೇಳಿದ್ದು ಅದರ ಮೊದಲ ಅರ್ಧವನ್ನು ಮಾತ್ರ.

"ಸೀರೆ ಆಗುದಿಲ್ವಾ? ನನ್ನ ಹತ್ರ ಆ ರೇಷ್ಮೆಯದ್ದು ಉಂಟಲ್ಲ."

"ಸೀರೆ ಬೇಡ ಅಕ್ಕ. ಅಲ್ಲಿ ಎಲ್ಲ ಗೌನೇ."

"ಹಾಗಾದ್ರೆ ನಾನೇ ಹೊಲಿತೇನೆ. ಎಂತ ಮಹಾ!"

ಯಾಕೆ ಹಾಗೆ ಹೇಳಿದೆ? ಸೀರೆ ಉಟ್ಟ ಅಕ್ಕ ಪಕ್ಕದಲ್ಲಿ ಕೂತರೆ ನಾನು ಎಲ್ಲಿಂದ ಬಂದವಳೆಂದು ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಿದ್ದೆನೇ? ತಿಳಿಯದ್ದೇನಿತ್ತು ಅದರಲ್ಲಿ—ಇಲ್ಲಿ ವಾಸಕ್ಕೆ ಕೊಡುವ ನನ್ನ ಇಕಾಮಾ ಕಾರ್ಡಿನ ಮೇಲೆಯೇ ಬರೆದಿದೆ. ಆದರೂ ಹೇಳಿದೆ.

ಅಕ್ಕ ಅಭಾದಿಂದ ಬಸ್ಸಿನಲ್ಲಿ ಬಂದಳು, ನಾನು ರಿಯಾದಿನಿಂದ ವಿಮಾನದಲ್ಲಿ. ಹಡಗು ಹತ್ತುವ ದಿನ ಬೆಳಿಗ್ಗೆ ಜಿದ್ದಾದ ಹೋಟೆಲ್ ಕೋಣೆಯಲ್ಲಿ ಗೌನ್ ತೆಗೆದು ತೋರಿಸಿದಳು. ಗಿಳಿ ಹಸಿರು ಸ್ಯಾಟಿನ್. ಉಬ್ಬಿದ ತೋಳುಗಳು, ಅವು ಕುಸಿಯದಂತೆ ಒಳಗೆ ತುರುಕಿದ ಪತ್ರಿಕೆ ಕಾಗದ. ಕುತ್ತಿಗೆಗೆ ಲೇಸು, ಬೆನ್ನಿಗೆ ಚಿಟ್ಟೆಯಂತೆ ಕಟ್ಟಿದ ಒಂದು ಮೊಳ ಅಗಲದ ಬೋ. ನಾನು ಚಿಕ್ಕವಳಿದ್ದಾಗ ಊರಿನ ಮದುವೆಗಳಲ್ಲಿ ವಧುವಿನ ಹಿಂದೆ ನಡೆಯುವ ಹುಡುಗಿಯರು ಇಂಥದ್ದೇ ಹಾಕುತ್ತಿದ್ದರು. ಅಕ್ಕನಿಗೆ ಗೌನೆಂದರೆ ಅದೇ. ಒಂದೊಂದು ಹೊಲಿಗೆಯೂ ಗೆರೆ ಎಳೆದಂತಿತ್ತು. ನನಗೆ ಕಂಡದ್ದು ಮಾತ್ರ ಆ ಬೋ.

"ಚಂದ ಉಂಟು," ಎಂದೆ.

"ಇದಕ್ಕೆ ಒಂದು ತಿಂಗಳು ಹೋಯ್ತು ನೋಡು," ಎಂದಳು. ಆಮೇಲೆ ಮಂಚದ ತುದಿಯಲ್ಲಿ ಕೂತು, ಬೇರೆಯೇ ದನಿಯಲ್ಲಿ ಕೇಳಿದಳು. ಆಸ್ಪತ್ರೆಯವರು ಇನ್ನೆರಡು ವರ್ಷಕ್ಕೆ ಸಹಿ ಹಾಕಲು ಹೇಳಿದ್ದಾರೆ, ಹಾಕಲೋ ಬೇಡವೋ? ಈಚೆಗೆ ಕನ್ನಡಕ ಎಲ್ಲಿಟ್ಟೆ ಎಂದು ಮರೆಯುತ್ತದೆ, ಗುರುತಿನವರ ಹೆಸರು ಬಾಯಿಗೆ ಬರುವುದಿಲ್ಲ. "ಕನ್ನಡಕ ಹೋದ್ರೆ ಹೋಗ್ಲಿ. ಥಿಯೇಟರಿನ ಗಂಟು ಹೆರಿಗೆ ವಾರ್ಡಿಗೆ ಹೋದ್ರೆ ಎಂತ ಮಾಡುದು? ಅದು ಒಂದು ತಪ್ಪಿದ್ರೆ ನಾನು ಇರುದಿಲ್ಲ ಅಲ್ಲಿ."

"ನಿನಗೆಂತ ಆಗ್ಲಿಲ್ಲ ಅಕ್ಕ, ಸಹಿ ಹಾಕು," ಎಂದೆ. ಆಗ ನಾನು ಕೊಟ್ಟದ್ದು ಒಳ್ಳೆಯ ಬುದ್ಧಿಯೇ. ಅದನ್ನು ಸಂಜೆಯೊಳಗೆ ನಾನೇ ಮಣ್ಣುಪಾಲು ಮಾಡಿದೆ.

ಪೆಟ್ಟಿಗೆಗೆ ಹಚ್ಚುವ ಚೀಟಿಗಳನ್ನು ನಾನು ಆಫೀಸಿನಲ್ಲಿ ಪ್ರಿಂಟ್ ಮಾಡಿ ತಂದಿದ್ದೆ. ಹೆಸರು, ಹಡಗಿನ ಕೋಣೆಯ ಸಂಖ್ಯೆ. ಬಂದರಿನಲ್ಲಿ ಪೆಟ್ಟಿಗೆ ಒಪ್ಪಿಸಿದರೆ ಸಂಜೆಯೊಳಗೆ ಅದು ನಮ್ಮ ಕೋಣೆಯ ಬಾಗಿಲಿಗೆ ಬರುತ್ತದೆ. ಚೀಟಿ ಇಲ್ಲದ್ದು ಎಲ್ಲೋ ಒಂದು ಮೂಲೆ ಸೇರಿ, ಯಜಮಾನರು ಸಿಗುವವರೆಗೆ ಅಲ್ಲೇ ಇರುತ್ತದೆ. ಅಕ್ಕ ತನ್ನ ಚೀಲದಿಂದ ಸ್ಟೇಪ್ಲರ್ ತೆಗೆದಳು—ಅದನ್ನೂ ಹೊತ್ತುಕೊಂಡೇ ಬಂದಿದ್ದಳು. ಚೀಟಿಯನ್ನು ಹಿಡಿಕೆಗೆ ಸುತ್ತಿ, ತುದಿಗಳನ್ನು ಜೋಡಿಸಿ, ಟಕ್ ಟಕ್. ಎರಡು ಪಿನ್, ಒಂದರ ಕೆಳಗೆ ಒಂದು. ನನ್ನ ಪೆಟ್ಟಿಗೆಗೂ ಅವಳೇ ಹಚ್ಚಿದಳು.

ಬಂದರಿನಲ್ಲಿ ಜನವೋ ಜನ. ನಮ್ಮ ಆಫೀಸಿನ ಹೆಂಗಸರು ಸ್ವಲ್ಪ ಮುಂದೆ ನಿಂತು ಸಂಜೆಯ ಬಟ್ಟೆಗಳ ಮಾತನ್ನೇ ಆಡುತ್ತಿದ್ದರು. ಕಪ್ಪು, ಬೂದು, ತಿಳಿ ನೀಲಿ. ಅಕ್ಕ "ಈಗ ಬಂದೆ" ಎಂದು ಶೌಚಾಲಯಕ್ಕೆ ಹೋದಳು. ಎರಡು ಪೆಟ್ಟಿಗೆಗಳ ಜೊತೆ ನಾನೊಬ್ಬಳೇ ನಿಂತಿದ್ದೆ. ಗಿಳಿ ಹಸಿರು ಬೋ ಕಣ್ಣ ಮುಂದೆಯೇ ಇತ್ತು. ಒಂದು ಸಂಜೆಯ ಮಾತು, ನಾಳೆ ಪೆಟ್ಟಿಗೆ ಸಿಕ್ಕೇ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ—ಇಷ್ಟೆಲ್ಲ ಯೋಚಿಸಲು ಸಮಯವಿತ್ತು. ಅದಕ್ಕೇ ಹೇಳುತ್ತೇನೆ, ಅದು ಅರಿಯದೆ ಆದದ್ದಲ್ಲ. ಚೀಟಿ ಸುಲಭಕ್ಕೆ ಹರಿಯಲಿಲ್ಲ. ಮೂರು ಸಲ ಎಳೆಯಬೇಕಾಯಿತು. ಹಿಡಿಕೆಯ ಹತ್ತಿರ ಮಡಿಕೆಯಲ್ಲಿ ಹರಿದು ಬಂತು. ಹ್ಯಾಂಡ್‌ಬ್ಯಾಗಿನೊಳಗೆ ತುರುಕಿದೆ. ಅಕ್ಕ ಕೈ ಒರೆಸುತ್ತಾ ಬರುವಾಗ ಪೆಟ್ಟಿಗೆಗಳು ಗಾಡಿ ಹತ್ತಿ ಹೋಗಿದ್ದವು.

ಐದು ಗಂಟೆಗೆ ನನ್ನ ಪೆಟ್ಟಿಗೆ ಬಂತು. ಅಕ್ಕನದ್ದು ಬರಲಿಲ್ಲ. ಅವಳು ಬಾಗಿಲು ತೆರೆದು ಇಣುಕುವಳು, ಮುಚ್ಚುವಳು, ಮತ್ತೆ ತೆರೆಯುವಳು. ಉದ್ದನೆಯ ಓಣಿಯಲ್ಲಿ ಒಂದೊಂದು ಬಾಗಿಲಿನ ಮುಂದೆ ನಿಂತಿದ್ದ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಒಳಗೆ ಹೋದವು. ಕೌಂಟರಿಗೆ ಹೋಗಿ ಕೇಳಿ ಬಂದಳು. ಚೀಟಿ ಬಿದ್ದ ಪೆಟ್ಟಿಗೆಗಳನ್ನು ನಾಳೆ ತೆರೆದು ನೋಡುತ್ತಾರಂತೆ. ಪ್ರಯಾಣದ ಸಲ್ವಾರಿನಲ್ಲೇ ಮಂಚದ ಮೇಲೆ ಕೂತಳು.

"ನಂದು ಬೇಕಾದ್ರೆ ಹಾಕು," ಎಂದೆ. ನನ್ನ ಗೌನ್ ಅವಳ ಭುಜದಿಂದ ಕೆಳಗೆ ಇಳಿಯುವುದಿಲ್ಲವೆಂದು ಗೊತ್ತಿದ್ದೇ ಹೇಳಿದೆ.

ಅವಳು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. "ಎರಡು ಪಿನ್ ಹೊಡ್ದಿದ್ದೆ ಅಂತ ನೆನಪು," ಎಂದಳು. "ಹೊಡ್ದಿದ್ದೆ ಅಲ್ವಾ? ನೀನು ನೋಡಿದ್ದಿಯಲ್ಲ?"

ಆಗಲೂ ಹೇಳಬಹುದಿತ್ತು. ಹೌದು, ನೀನು ಹೊಡೆದಿದ್ದೆ ಎನ್ನುವಷ್ಟಾದರೂ ಹೇಳಬಹುದಿತ್ತು. ಆದರೆ ಎರಡು ಪಿನ್ ಹೊಡೆದ ಚೀಟಿ ಮತ್ತೆ ಬಿದ್ದದ್ದು ಹೇಗೆ ಎಂದು ಕೇಳಿದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಕನ್ನಡಿಯ ಮುಂದೆ ಕಿವಿಗೆ ಓಲೆ ಹಾಕಿಕೊಳ್ಳುತ್ತಾ ಹೇಳಿದೆ:

"ಒಂದೇ ಹೊಡ್ದಿದ್ದಿಯೋ ಏನೋ ಅಕ್ಕ. ನಿನಗೆ ಈಗೀಗ ಮರೆವು ಅಲ್ವಾ."

ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಹಳ ದಿನದಿಂದ ಹೆದರಿದ್ದ ಸುದ್ದಿಯನ್ನು ಯಾರೋ ಕೊನೆಗೆ ಹೇಳಿಬಿಟ್ಟಂತೆ ತಲೆಯಾಡಿಸಿದಳು. "ನೀನು ಹೋಗು, ತಡ ಆಗ್ತದೆ. ನಾನು ಮೇಲೆ ಎಲ್ಲರೂ ಊಟ ಮಾಡುವಲ್ಲಿ ಎಂತಾದ್ರೂ ತಿಂತೇನೆ," ಎಂದಳು.

ಔತಣದಲ್ಲಿ ನನ್ನ ಪಕ್ಕದ ಕುರ್ಚಿಯ ಎದುರು ಅಕ್ಕನ ಹೆಸರಿನ ಕಾರ್ಡು ಇಟ್ಟಿದ್ದರು. ಎದುರಿನ ಸಾಲಿನಲ್ಲಿ ನಮ್ಮ ಆಫೀಸಿನ ಭಟ್ಕಳದ ಹುಡುಗನೊಬ್ಬನ ತಾಯಿ, ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಆರಾಮವಾಗಿ ಕೂತಿದ್ದರು. ಮನಿಲಾದ ಸಹೋದ್ಯೋಗಿಯ ಅಮ್ಮ ಹೂವಿನ ಹತ್ತಿ ಅಂಗಿಗೆ ಕ್ಯಾನ್ವಾಸ್ ಶೂ ಹಾಕಿ ಬಂದಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ, ಎಲ್ಲರೂ ತಮ್ಮವರಿಗೆ ಬಡಿಸುವುದರಲ್ಲಿದ್ದರು. "ನಿಮ್ಮ ಅಕ್ಕ ಎಲ್ಲಿ? ಅವರನ್ನು ನೋಡಬೇಕೆಂದಿದ್ದೆ," ಎಂದರು ನಮ್ಮ ಮ್ಯಾನೇಜರ್. ಪೆಟ್ಟಿಗೆ ಬರಲಿಲ್ಲ ಎಂದೆ. "ಅದಕ್ಕೇನು? ಹಾಗೆಯೇ ಕರೆದುಕೊಂಡು ಬನ್ನಿ, ಯಲ್ಲಾ, ಬೇಗ!" ಎಂದರು. ಅವಳಿಗೆ ತಲೆನೋವು ಎಂದು ಇನ್ನೊಂದು ಸುಳ್ಳು ಹೇಳಿದೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ. ಏರಿಸಿದ ಏಣಿಯನ್ನೇ ಒದ್ದು ಬಂದವಳಿಗೆ ಮೇಲೆ ಯಾರು ಜೊತೆ?

ಮರುದಿನ ಮಧ್ಯಾಹ್ನ ಪೆಟ್ಟಿಗೆ ಸಿಕ್ಕಿತು. ಒಳಬದಿಯ ಬಟ್ಟೆಯ ಮೇಲೆ ಅಕ್ಕ ಕೆಂಪು ದಾರದಲ್ಲಿ ತನ್ನ ಹೆಸರು ಹೊಲಿದಿದ್ದಳು—ಆಸ್ಪತ್ರೆಯ ಅಭ್ಯಾಸ. ಕೊನೆಯ ಸಂಜೆ ಗೌನ್ ಹಾಕೆಂದು ನಾನೇ ಎರಡು ಸಲ ಹೇಳಿದೆ. "ಬೇಡ ಮಾರಾಯ್ತಿ, ಮನಸ್ಸು ಹೋಯ್ತು," ಎಂದಳು. ಡೆಕ್ಕಿನ ಮೇಲೆ ಕೂತು ಸಮುದ್ರ ನೋಡುವಾಗಲೂ ಹತ್ತು ನಿಮಿಷಕ್ಕೊಮ್ಮೆ ಚೀಲ ತೆರೆದು ಕೋಣೆಯ ಕಾರ್ಡು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಭಾಕ್ಕೆ ಮರಳಿದವಳು ಸಹಿ ಹಾಕಲಿಲ್ಲ. ಎರಡು ತಿಂಗಳಲ್ಲಿ ಊರಿಗೆ ಹೊರಟೇ ಹೋದಳು. ನಾನು ತಡೆಯಲಿಲ್ಲ. ತಡೆಯಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು, ಅದನ್ನು ಆಡಲಿಲ್ಲ.

ಈಗ ಅವಳು ಉಡುಪಿಯಲ್ಲಿ ನಮ್ಮ ತಮ್ಮನ ಮನೆಯಲ್ಲಿದ್ದಾಳೆ. ಹೊಲಿಗೆ ಮೆಷಿನ್ ಮುಟ್ಟುವುದಿಲ್ಲ. ಕೊನೆಯದಾಗಿ ಹೊಲಿದದ್ದು ಆ ಗೌನನ್ನು ಬಿಚ್ಚಿ ಮಾಡಿದ ಎರಡು ದಿಂಬಿನ ಚೀಲ, ನನಗೇ ಕಳಿಸಿದಳು. ಗ್ಯಾಸ್ ತಾನಾಗಿ ಹೊತ್ತಿಸುವುದಿಲ್ಲ. ಬಾಗಿಲಿನ ಬೀಗ ಹಾಕಿ, ತಮ್ಮನ ಹೆಂಡತಿಯನ್ನು ಕರೆದು ಎಳೆದು ನೋಡಲು ಹೇಳುತ್ತಾಳೆ. ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ನೆನಪಿಗೆ ಏನೂ ಆಗಿಲ್ಲ, ಎಲ್ಲರ ಹಾಗೆಯೇ ಇದ್ದೀರಿ ಎಂದರಂತೆ ಡಾಕ್ಟರು. ಕಳೆದ ಶುಕ್ರವಾರ ಫೋನಿನಲ್ಲಿ ಇದನ್ನು ಹೇಳಿ ನಕ್ಕಳು. "ಡಾಕ್ಟರಿಗೆ ಎಂತ ಗೊತ್ತು? ಚೀಟಿ ಬಿದ್ದದ್ದು ಅವ್ರಿಗೆ ಗೊತ್ತುಂಟಾ?"

ಆ ಮಾತು ಕೇಳಿದ ಮೇಲೆ ರಿಯಾದಿನ ಈ ಮನೆಯಲ್ಲಿ ನನಗೆ ಕೂರಲಾಗುತ್ತಿಲ್ಲ. ಆಫೀಸಿನಿಂದ ಬಂದರೆ ಮಾತಾಡಿಸಲು ಯಾರೂ ಇಲ್ಲ. ಮಂಚದ ಮೇಲೆ ಗಿಳಿ ಹಸಿರು ದಿಂಬುಗಳಿವೆ. ಮುಂದಿನ ತಿಂಗಳು ರಜೆಗೆ ಟಿಕೆಟ್ ಮಾಡಿದ್ದೇನೆ. ಚೀಟಿಯನ್ನು ಈ ಮೂರು ವರ್ಷ ಬಿಸಾಡಲು ಆಗಲಿಲ್ಲ, ಪಾಸ್‌ಪೋರ್ಟಿನ ಕವರಿನಲ್ಲೇ ಇದೆ. ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇನೆ. ತಮ್ಮನ ಮುಂದೆ, ಅವನ ಹೆಂಡತಿಯ ಮುಂದೆ, ಎಲ್ಲರೂ ಕೇಳುವಂತೆ ಹೇಳುತ್ತೇನೆ. ಅಕ್ಕ ಕ್ಷಮಿಸಬೇಕೆಂದು ಕೇಳಲು ಹೋಗುತ್ತಿಲ್ಲ. ಕ್ಷಮಿಸಿದರೂ ಆ ಕೋಣೆ, ಆ ಗಂಟುಗಳು, ಅವಳ ಆ ಬೀಗುವಿಕೆ ಮರಳಿ ಬರುವುದಿಲ್ಲ. ಅವಳ ಕೈಗಳನ್ನು ಅವಳಿಗೆ ವಾಪಸು ಕೊಡಬೇಕು, ಅಷ್ಟೆ.

ಅಕ್ಕಾ, ಚೀಟಿ ಹರಿದಿರುವುದು ಮಡಿಕೆಯಲ್ಲಿ, ನಾನು ಎಳೆದ ಕಡೆ. ನೀನು ಹಚ್ಚಿದ ತುದಿ ಹಾಗೆಯೇ ಇದೆ. ಎರಡು ಪಿನ್ ಹೊಡೆದಿದ್ದೆ ನೀನು, ಒಂದರ ಕೆಳಗೆ ಒಂದು. ಎರಡೂ ಇನ್ನೂ ಅಲ್ಲೇ ಇವೆ.