ಚಮಚದೊಳಗಿನ ಕೆಂಪು

ಸಿರುಗುಪ್ಪದಲ್ಲಿ ನನ್ನ ಗೆಳೆಯ ಚನ್ನಬಸಪ್ಪನ ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನಕಾಯಿ ಭರಣಿಗೂ ಹರಳೆಣ್ಣೆಯ ಸೀಸೆಗೂ ನಡುವೆ, ಒಂದು ವೈನ್ ಬಾಟಲಿ ಕೆಲವು ತಿಂಗಳು ನಿಂತಿತ್ತು. ಎಪ್ಪತ್ತರ ದಶಕದ ಮಾತು. ಲಿಂಗಪೂಜೆಯಾಗದೆ ಯಾರೂ ನೀರು ಮುಟ್ಟದ, ಸೆರೆಯ ಹೆಸರನ್ನೂ ಬಾಯಿಗೆ ತರದ ಮನೆ ಅದು. ಅದಿರು ಸಾಗಿಸುವ ಕೆಲಸದಲ್ಲಿದ್ದ ಚನ್ನಬಸಪ್ಪ ಮದ್ರಾಸಿನ ಬಂದರಿಗೆ ಹೋದಾಗ ಹಡಗಿನ ಅಧಿಕಾರಿಯೊಬ್ಬ ಪ್ರೀತಿಯಿಂದ ಕೊಟ್ಟ ಬಾಟಲಿ. ಕುಡಿಯುವಂತಿಲ್ಲ, ಪರದೇಶದವನ ಪ್ರೀತಿಯನ್ನು ಚೆಲ್ಲುವುದಕ್ಕೂ ಮನಸ್ಸಿಲ್ಲ. ಬಳ್ಳಾರಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನನಗೆ ಅದರ ಮೇಲಿನ ಬರಹ ಓದಿ ಹೇಳುವ ಕೆಲಸ ಬಂತು. ಬಾರ್ಬೆರಾ ಎಂಬುದು ದ್ರಾಕ್ಷಿಯ ಹೆಸರು, ಅದರ ತವರು ಇಟಲಿ, ಆದರೆ ಈ ಬಳ್ಳಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಇದು ಗಾಢವಾದ, ಗಡುಸಾದ ಮದ್ಯ ಎಂದು ಹೇಳಿದೆ. ಗೆಳೆಯನ ತಾಯಿ ಗುರುಸಿದ್ಧಮ್ಮ ಅಕ್ಕಿ ಆರಿಸುತ್ತಲೇ, "ತವರು ಬಿಟ್ಟು ಅತ್ತಿ ಮನ್ಯಾಗ ಫಲ ಕೊಟ್ಟಾಳ ಅನ್ನು," ಎಂದು ನಕ್ಕರು. ಆಗ ತುಂಬು ಬಸುರಿಯಾಗಿದ್ದ ಸೊಸೆ ನೀಲಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮಿತ್ರರೇ, ದೂರದ ವಸ್ತುವಿಗೆ ಒಂದು ಪುಣ್ಯವಿದೆ. ಅದನ್ನು ಯಾರು ನೆಟ್ಟರು, ಯಾವ ಕಾಲು ತುಳಿಯಿತು, ಯಾವ ಕೈ ಸೋಸಿತು ಎಂದು ನಾವು ಕೇಳುವುದಿಲ್ಲ. ಸಮುದ್ರವೇ ಅದನ್ನು ತೊಳೆದು ನಮ್ಮ ಹೊಸ್ತಿಲಿಗೆ ತಂದಿಟ್ಟಂತೆ ಒಳಗೆ ಕರೆದುಕೊಳ್ಳುತ್ತೇವೆ. ಹತ್ತಿರದ್ದಕ್ಕೆ ಆ ಪುಣ್ಯವಿಲ್ಲ.

ನೀಲಮ್ಮ ಮನೆಯಲ್ಲೇ ಹೆತ್ತಳು. ಹೆಣ್ಣುಕೂಸು ಗಟ್ಟಿಮುಟ್ಟಾಗಿತ್ತು, ತಾಯಿಗೆ ಮಾತ್ರ ರಕ್ತ ಹೋಗುವುದು ನಿಲ್ಲಲಿಲ್ಲ. ಮುಖ ಸುಣ್ಣದಂತೆ ಬಿಳುಚಿತು. ಆಗ ಗುರುಸಿದ್ಧಮ್ಮ ಹಲಗೆಯ ಮೇಲಿನ ಬಾಟಲಿಯನ್ನು ಇಳಿಸಿದರು. ಅದು ಮದ್ಯವೆಂದು ಅವರಿಗೆ ತಿಳಿದಿತ್ತು. ಬಾಣಂತಿಗೆ ದ್ರಾಕ್ಷಿ ಒಳ್ಳೆಯದು, ಕೆಂಪು ರಸ ಕೆಂಪು ರಕ್ತವಾಗುತ್ತದೆ, ಔಷಧಕ್ಕೆ ಮಡಿಮೈಲಿಗೆ ಇಲ್ಲ ಎಂಬುದು ಅವರ ಲೆಕ್ಕ. ವಿಭೂತಿ ಹಚ್ಚಿದ ಕೈಯಿಂದ, ಶಿವನಾಮ ಹೇಳುತ್ತ, ಚಮಚ ಚಮಚವಾಗಿ ಕುಡಿಸಿದರು. ಸೊಸೆಯ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದು ಮಾತ್ರ ತಿಳಿಯಬೇಡಿ. ಸುದ್ದಿ ತಿಳಿದು ನೋಡಲು ಹೋಗಿದ್ದ ನಾನು, ಅವರು ಸೊಸೆಯ ತುಟಿಯನ್ನು ತಮ್ಮ ಸೆರಗಿನಿಂದಲೇ ಒರೆಸುತ್ತಿದ್ದುದನ್ನು ಕಂಡಿದ್ದೇನೆ.

ಕೊನೆಗೆ ತಾಯಿ ಮಗ ಇಬ್ಬರೂ ಕೂಸಿನ ಸಮೇತ ಅವಳನ್ನು ಬಳ್ಳಾರಿಯ ಆಸ್ಪತ್ರೆಗೆ ತಂದಾಗ ಜೊತೆಗೆ ಬಂದವನು ಹುಲುಗಪ್ಪ. ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ಅವರ ಗದ್ದೆಯ ಕೆಲಸ ಮಾಡುವವನು, ಊರ ಹೊರಗಿನ ಕೇರಿಯವನು. ಕೂಡಲೇ ರಕ್ತ ಹಾಕಬೇಕೆಂದರು ಡಾಕ್ಟರಮ್ಮ. ಚನ್ನಬಸಪ್ಪನ ರಕ್ತ ಹೊಂದಲಿಲ್ಲ, ನನ್ನದೂ ಹೊಂದಲಿಲ್ಲ. ಬಾಗಿಲ ಬಳಿ ನಿಂತಿದ್ದ ಹುಲುಗಪ್ಪ, ನನ್ನದೂ ನೋಡ್ರಿ ಎಂದು ಬೆರಳು ಚಾಚಿದ. ಅವನದು ಹೊಂದಿತು.

ಗುರುಸಿದ್ಧಮ್ಮ ಆಗುವುದಿಲ್ಲ ಎಂದರು. ಔಷಧಕ್ಕೆ ಮೈಲಿಗೆ ಇಲ್ಲವೆಂದು ನೀವೇ ಅಂದಿರಲ್ಲ ಎಂದು ನಾನು ಕೇಳಿದೆ.

"ಅದು ಔಷಧ, ಮಾಸ್ತರ. ಇದು ರಕ್ತ. ಹೊಟ್ಟಿಗೆ ಹೋದದ್ದು ಕರಗತೈತಿ. ನರದಾಗ ಹೋದದ್ದು ಮನಿತನದಾಗ ಉಳೀತೈತಿ."

ಹುಲುಗಪ್ಪ ಬೇಸರಿಸಿಕೊಳ್ಳಲಿಲ್ಲ. ಬಿಗಿದ ಗಾಳಿಯನ್ನು ಸಡಿಲಿಸುವಂತೆ, "ಏನಾಗಾಂಗಿಲ್ರಿ ಅಮ್ಮಾರ. ಬಾಳಂದ್ರ ಮುಂದಿನ ಮಳಿಗಾಲಕ್ಕ ಅವ್ವಾರು ನಮ್ಮ ಕೂಡ ನಾಟಿ ಹಚ್ಚಾಕ ಬಂದಾರು," ಎಂದ.

ಎಲ್ಲವನ್ನೂ ಕಣ್ಣು ಮುಚ್ಚಿ ಕೇಳುತ್ತಿದ್ದ ನೀಲಮ್ಮನ ತುಟಿಯ ಮೇಲೆ ನಗುವಿನಂಥದ್ದೇನೋ ಸುಳಿಯಿತು. "ಬರ್ತೀನಿ ಬಿಡೋ ಹುಲುಗಪ್ಪ," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಹಾಕಸ್ರಿ ಅತ್ತಿ. ನನಗ ಬದುಕಬೇಕಾಗೈತಿ," ಎಂದಳು.

ಇಷ್ಟು ಸ್ಪಷ್ಟವಾದ ಮಾತನ್ನು ನಾನು ಜೀವನದಲ್ಲಿ ಹೆಚ್ಚು ಕೇಳಿಲ್ಲ. ಆದರೆ ಗಂಡನ ಸಹಿ ಇಲ್ಲದೆ ರಕ್ತ ಹಾಕುವಂತಿರಲಿಲ್ಲ, ಮತ್ತು ಗಂಡ ತಾಯಿಯ ಮುಖ ನೋಡುತ್ತಿದ್ದ.

ಡಾಕ್ಟರಮ್ಮ ಬೇರೆ ವಾರ್ಡಿಗೆ ಹೋದ ಹೊತ್ತಿನಲ್ಲಿ ಗುರುಸಿದ್ಧಮ್ಮ ಕೈಚೀಲದಿಂದ ಅದೇ ಬಾಟಲಿಯನ್ನು ತೆಗೆದರು. ಬಾಟಲಿಯಲ್ಲಿ ಕಪ್ಪಾಗಿದ್ದ ರಸ ಚಮಚಕ್ಕಿಳಿದಾಗ ಅಂಚಿನಲ್ಲಿ ಕೆಂಪೊಡೆಯಿತು. ಸ್ವಲ್ಪ ಹೊತ್ತಿಗೆ ನೀಲಮ್ಮನ ಕೆನ್ನೆಗಳಿಗೆ ಬಣ್ಣ ಬಂತು. ಇದನ್ನು ನಾನು ನಿಧಾನವಾಗಿ, ತಪ್ಪಿಲ್ಲದಂತೆ ಹೇಳಬೇಕು: ಬಣ್ಣ ನಿಜವಾಗಿಯೂ ಬಂತು. ನನಗೂ ಕಂಡಿತು. ಅಷ್ಟು ದಿನ ಬಿಳುಚಿದ್ದ ಮುಖದಲ್ಲಿ ಮದುವಣಗಿತ್ತಿಯ ಕೆಂಪು ಅರಳಿತು. "ನೋಡೋ, ರಕ್ತ ಬಂತು," ಎಂದು ತಾಯಿ ಮಗನಿಗೆ ತೋರಿಸಿದರು. ಹಾಗಾದರೆ ಅವಸರವಿಲ್ಲ, ಕುರುಗೋಡಿಗೆ ಹೋಗಿ ಅವಳ ಅಣ್ಣನನ್ನೇ ಕರೆತರುತ್ತೇನೆ, ಒಡಹುಟ್ಟಿದವನ ರಕ್ತ ಹೊಂದದೇ ಇದ್ದೀತೆ ಎಂದು ಚನ್ನಬಸಪ್ಪ ಹಗುರಾದ ಮನಸ್ಸಿನಿಂದ ಬಸ್ಸು ಹತ್ತಿದ.

ಮರಳಿ ಬಂದ ಡಾಕ್ಟರಮ್ಮ ಕೆನ್ನೆಯನ್ನು ನೋಡಲಿಲ್ಲ. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು, ಉಗುರುಗಳನ್ನು ಒತ್ತಿ ನೋಡಿದರು. ಎರಡೂ ಕಾಗದದ ಹಾಗಿದ್ದವು. ಏನು ಕುಡಿಸಿದಿರಿ ಎಂದು ಕೇಳಿ, ಬಾಟಲಿ ಮೂಸಿ, ಇದು ಸೆರೆಯ ಕೆಂಪು, ಒಳಗೆ ಏನೂ ಇಲ್ಲ ಎಂದರು. ಸಹಿ ಹಾಕಬೇಕಾದವನು ದಾರಿಯಲ್ಲಿದ್ದ. ನೀವಾದರೂ ಒಪ್ಪಿರಿ ಎಂದು ಅವರು ಗುರುಸಿದ್ಧಮ್ಮನನ್ನು ಕೇಳಿದರು. ಮಗ ಬರಲಿ ಎಂದರು ಗುರುಸಿದ್ಧಮ್ಮ. ಇಟಲಿಯ ಬಳ್ಳಿಯೊಂದು ಯಾರದೋ ಮಣ್ಣಿಗೆ ಹೋಗಿ, ಬೇರುಬಿಟ್ಟು, ಯಾವುದೋ ಹಡಗು ಹತ್ತಿ ಈ ಹೆಣ್ಣಿನ ಬಾಯಿಯತನಕ ಬಂದು ತಲುಪಿತ್ತು. ಬಾಗಿಲಿಂದ ಮಂಚದವರೆಗಿನ ದೂರವನ್ನು ದಾಟಲು ಹುಲುಗಪ್ಪನಿಗೆ ಆಗಲಿಲ್ಲ. ತೋಳು ಮಡಿಸಿದ ಅಂಗಿಯಲ್ಲಿ ಅವನು ಕಾಯುತ್ತಲೇ ನಿಂತಿದ್ದ. ಬಿಸಿಲು ಇಳಿಯುವ ಮುನ್ನ ನೀಲಮ್ಮ ಹೋದಳು. ಕೆನ್ನೆಯ ಬಣ್ಣ ಆಮೇಲೂ ಕೊಂಚ ಉಳಿದಿತ್ತು. ಅಥವಾ ಹಾಗೆಂದು ನನಗೆ ತೋರಿತು.

ಕುರುಗೋಡಿನಿಂದ ಅವಳ ಅಣ್ಣನ ಜೊತೆ ವಯಸ್ಸಾದ ತಂದೆಯೂ ಬಂದಿದ್ದರು. ಮಗಳ ಕಾಲ ಬಳಿ ಬಹಳ ಹೊತ್ತು ಕುಳಿತು, ಕೊನೆಗೆ ಅಳಿಯನ ಮುಖ ನೋಡಿ ಕೇಳಿದರು.

"ನಾವು ಬರೂತನಕ ಯಾರದಾದ್ರೂ ಹಾಕಬೇಕಿತ್ತಲ್ಲಪಾ. ಯಾರದಾದ್ರೇನು, ಜೀವ ಉಳೀತಿತ್ತು. ಇಷ್ಟು ದೊಡ್ಡ ಊರಾಗ ಒಬ್ಬರದೂ ಕೂಡಿ ಬರಲಿಲ್ಲೇನು?"

ಚನ್ನಬಸಪ್ಪ ಗೋಡೆಗೆ ಒರಗಿದ. ಗುರುಸಿದ್ಧಮ್ಮ ಮಡಿಲಲ್ಲಿದ್ದ ಕೂಸಿನ ಮೇಲೆ ಬಾಗಿದರು. ನಾನು ಉತ್ತರ ಹೇಳಲು ಬಾಯಿ ತೆರೆದೆ. ಹುಲುಗಪ್ಪ ನನ್ನತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿದ.

"ಕೂಡಲಿಲ್ರಿ ಯಜಮಾನ್ರ," ಎಂದ. "ಎಲ್ಲಾರ್ದೂ ನೋಡಿದ್ರು. ಯಾರ್ದೂ ಕೂಡಲಿಲ್ಲ."

ಮುದುಕರು ಅದನ್ನು ನಂಬಿದರು. ನಂಬಿದ ಮೇಲೆಯೇ ಅವರಿಗೆ ಅಳು ಬಂತು.