ಕೆಟ್ಟಿದ್ದರೆ ಫೋನ್ ಬರುತ್ತಿತ್ತು

ಶಹಾಪುರದಿಂದ ಪತ್ರಿಕೆಯೊಂದಕ್ಕೆ ಹನ್ನೆರಡು ವರ್ಷಗಳಿಂದ ಸುದ್ದಿ ಕಳಿಸುತ್ತಿದ್ದೇನೆ. ಅಪಘಾತದಲ್ಲಿ ಸತ್ತವರೆಷ್ಟು ಎಂಬುದನ್ನು ಇಬ್ಬರ ಬಾಯಿಂದ ಕೇಳದೆ ಬರೆದವನಲ್ಲ. ಸ್ವಂತ ವಿಷಯದಲ್ಲಿ ಮಾತ್ರ ಒಬ್ಬನ ಮಾತನ್ನೇ ನಂಬಿದೆ.

ಅವನು ಸುರಪುರದವನು, ಮೊಬೈಲ್ ರಿಪೇರಿ ಮಾಡುತ್ತಿದ್ದ, ನನಗಿಂತ ಆರು ವರ್ಷ ಚಿಕ್ಕವನು. ಎರಡು ವರ್ಷ ನಾವು ಒಬ್ಬರಿಗೊಬ್ಬರಾಗಿ ಇದ್ದೆವು. ಊರಿನ ಕಣ್ಣಿಗೆ ಬರೀ ದೋಸ್ತರು. ನನಗಿಂತ ಮೊದಲು ಅವನಿಗೆ ಬೇರೆ ಗಂಡಸರಿದ್ದರು. ಹಾಗಾಗಿ ಶುರುವಿನಲ್ಲೇ, ಎಚ್‌ಐವಿ ಪರೀಕ್ಷೆ ಮಾಡಿಸಿದ್ದೀಯಾ ಎಂದು ಕೇಳಿದ್ದೆ. ಅವನು ಫೋನಿನ ಕವರ್ ಬಿಚ್ಚಿ, ಹಿಂದೆ ಇಟ್ಟಿದ್ದ ರಕ್ತದಾನಿಯ ಕಾರ್ಡ್ ತೋರಿಸಿದ. ಮುಖಂಡರೊಬ್ಬರ ಹುಟ್ಟುಹಬ್ಬದ ಶಿಬಿರದಲ್ಲಿ ಸಿಕ್ಕಿದ್ದು.

“ರಕ್ತ ತಗೊಂಡವ್ರು ಎಲ್ಲಾ ಚೆಕ್ ಮಾಡ್ತಾರ. ಕೆಟ್ಟಿದ್ರ ಫೋನ್ ಹಚ್ತಿದ್ರು. ಹಚ್ಚಿಲ್ಲ ಅಂದ್ರ ನಾ ಪಾಸು.”

“ಅದು ಯಾವಾಗಿಂದು?”

“ತಾರೀಖು ಅದ, ಓದ್ರಿ ಪತ್ರಕರ್ತರ! ಮತ್ತ ನನ್ ಕೂಡ ಇದ್ದೋರೆಲ್ಲ ಹೆಂಡ್ರು ಮಕ್ಕಳು ಇದ್ದ ಸಂಭಾವಿತ ಮಂದಿ. ಅವ್ರಿಗೇನಾಗ್ತದ?”

ಒಂದೂವರೆ ವರ್ಷದ ಹಿಂದಿನ ತಾರೀಖು. ಓದಿ ಕಾರ್ಡ್ ವಾಪಸ್ ಕೊಟ್ಟೆ.

ಕಳೆದ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು, ಬಿಡಲಿಲ್ಲ. ಟೈಫಾಯ್ಡ್ ಎಂದು ತಾನೇ ತೀರ್ಮಾನಿಸಿ ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕಿಕೊಂಡ. ಸುರಪುರದ ದವಾಖಾನೆಗೆ ಹೋಗೋಣವೆಂದರೆ, “ಅಲ್ಲಿ ಬಾಕಿನ ಮ್ಯಾಲ ಕುಂತೋರೆಲ್ಲ ನಮ್ಮ ಓಣಿಯವ್ರ” ಎನ್ನುತ್ತಿದ್ದ. ಯಾದಗಿರಿಗೆ ಹೋಗೋಣವೆಂದರೆ ಕಾರ್ಡ್ ತೋರಿಸುತ್ತಿದ್ದ. ಹೀಗೇ ಮೂರು ತಿಂಗಳು. ಒಂದು ದಿನ ಅಂಗಡಿಯಲ್ಲೇ ಕೆಮ್ಮಿದಾಗ ಕರವಸ್ತ್ರಕ್ಕೆ ರಕ್ತ ಬಂತು. ಆಗ ತಾನಾಗಿಯೇ ಬಸ್ ಹತ್ತಿದ.

ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಇರುವುದು ಖಚಿತವಾಯಿತು, ಜೊತೆಗೆ ಕ್ಷಯವೂ. ಆಪ್ತ ಸಮಾಲೋಚಕಿ ನಡುವಯಸ್ಸಿನ ಹೆಣ್ಣುಮಗಳು. ಅವನು ಅವರ ಮುಂದೆಯೂ ಕಾರ್ಡ್ ಇಟ್ಟ.

“ತಮ್ಮಾ, ಅವತ್ತಿನ ರಕ್ತ ಅವತ್ತಿಂದಷ್ಟೇ ಹೇಳ್ತದ. ಮತ್ತ ಶಿಬಿರದಾಗ ಯಾವ ನಂಬರ್ ಬರಸಿದ್ದಿ?”

ಅವನು ಕಾರ್ಡನ್ನು ಮತ್ತೆ ಕವರಿನೊಳಗೆ ಸೇರಿಸಿದ. “ಮನ್ಯಾಗ ನನ್ ಫೋನ್ ಅವ್ವನೇ ಎತ್ತಾಳ್ರಿ. ಏನರ ಹೇಳಿಗೀಳ್ಯಾರು ಅಂತ... ಕೊನೀ ಅಂಕಿ ತಪ್ಪು ಬರದಿದ್ದೆ.”

ಅದನ್ನು ಅವನು ನನಗೆ ಹೇಳಿರಲಿಲ್ಲ. ಆ ದಿನ ಅವನ ರಕ್ತದಲ್ಲಿ ಏನಾದರೂ ಸಿಕ್ಕಿತ್ತೇ, ಯಾರಾದರೂ ಆ ತಪ್ಪು ನಂಬರಿಗೆ ಫೋನ್ ಮಾಡಿದ್ದರೇ ಎಂಬುದನ್ನು ಖಚಿತಪಡಿಸಿಕೊಳ್ಳಲು ನನ್ನಿಂದ ಆಗಿಲ್ಲ.

ನನ್ನ ರಕ್ತವನ್ನೂ ಪರೀಕ್ಷಿಸಿದರು. ಸೋಂಕಿರಲಿಲ್ಲ, ಮೂರು ತಿಂಗಳ ನಂತರ ನೋಡಿದಾಗಲೂ ಇರಲಿಲ್ಲ. ಮೊದಲ ಪರೀಕ್ಷೆಯ ದಿನವೇ, ಹೊರಗೆ ಕೂತಿದ್ದ ಅವನಿಗೆ ಅದನ್ನು ಹೇಳಿದೆ. “ಛಲೋ ಆತು” ಎಂದು ಎರಡು ಸಲ ಅಂದು, ಮುಖ ಆಚೆ ತಿರುಗಿಸಿದ.

ಮೊದಲು ಕ್ಷಯದ ಗುಳಿಗೆ, ಎರಡು ವಾರದ ಮೇಲೆ ಎಚ್‌ಐವಿಯದು. ವೇಳೆಗೆ ಬಂದಿದ್ದರೆ ಇದೇ ಗುಳಿಗೆಯ ಮೇಲೆ ಮುದುಕನಾಗುವತನಕ ಇರುತ್ತಿದ್ದ ಎಂದು ಸಮಾಲೋಚಕಿ ನನಗೆ ಹೇಳಿದರು. ಗುಳಿಗೆ ಶುರುವಾದ ಆರನೆಯ ವಾರ, ಬೆಳಿಗ್ಗೆ, ಆಸ್ಪತ್ರೆಯ ವಾರ್ಡಿನಲ್ಲಿ ಎದ್ದು ಕೂತು ಗಂಜಿ ಕೇಳಿದ. ಅವರವ್ವ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮನೆಯವರಷ್ಟೇ ಇರಬೇಕು, ಉಳಿದವರು ಹೊರಗೆ ಹೋಗಿ ಎಂದು ನರ್ಸ್ ಹೇಳಿದರು. ಹೊರಗೆ ಬಂದೆ.